ಅಗುಳಿಯಿಲ್ಲದ ಚಾಕು

ನಮ್ಮ ಅಡುಗೆಮನೆಗಳಲ್ಲಿ ಈಳಿಗೆಮಣೆಯನ್ನು ನೋಡದವರು ಯಾರು? ಅದರಲ್ಲಿ ಎರಡು ಬಗೆ. ಅಲಗನ್ನು ಮಣೆಗೆ ಭದ್ರವಾಗಿ ಬಿಗಿದಿರುವುದು ಒಂದು; ಕೆಲಸ ಮುಗಿದ ಮೇಲೆ ಅಲಗನ್ನು ಮಣೆಯ ಮೇಲಕ್ಕೆ ಮಡಿಸಿ ಗೋಡೆಗೆ ಒರಗಿಸಿಡಬಹುದಾದದ್ದು ಇನ್ನೊಂದು. ಈ ಎರಡನೆಯದರ ಮುಂದೆ ಕುಳಿತು ಕುಂಬಳಕಾಯಿಯನ್ನೋ ಬದನೆಕಾಯಿಯನ್ನೋ ಹೆಚ್ಚುವಾಗ ಅಲಗು ಮಡಿಚಿಕೊಂಡು ಕೈಯ ಮೇಲೆ ಬೀಳದಂತೆ ತಡೆಯುವುದು ಯಾವುದು? ಅಲ್ಲಿ ಚಿಲಕವಿಲ್ಲ, ಅಗುಳಿಯಿಲ್ಲ. ಒಂದು ಮೊಳೆಯ ಕೀಲು, ಅಲಗಿನ ಹಿಂದೆ ಒಂದು ತಡೆ, ಇಷ್ಟೇ. ಕಾಯನ್ನು ಅಲಗಿಗೆ ಒತ್ತಿದಷ್ಟೂ ಅಲಗು ಆ ತಡೆಗೆ ಇನ್ನಷ್ಟು ಬಲವಾಗಿ ಆನಿಕೊಳ್ಳುತ್ತದೆ. ಕೆಲಸವೇ ಅದಕ್ಕೆ ಕಾವಲು. ಉಳಿದ ಎಚ್ಚರ ಹೆಚ್ಚುವವರ ಕೈಯಲ್ಲಿರುತ್ತದೆ.

ಈ ಈಳಿಗೆಮಣೆಗೆ ಜೇಬಿನಲ್ಲಿ ವಾಸಿಸುವ ನೆಂಟನೊಬ್ಬನಿದ್ದಾನೆ. ಅವನೇ ಮಡಿಚು ಚಾಕು. ನಮ್ಮ ತಾತನವರ ಎಲೆಯಡಿಕೆಯ ಸಂಚಿಯಲ್ಲಿ ಅಂಥದೊಂದಿದ್ದಿತು. ಮರದ ಹಿಡಿ, ಸಾಣೆ ಹಿಡಿದು ಹಿಡಿದು ಸವೆದ ಕಪ್ಪು ಉಕ್ಕಿನ ಅಲಗು. ಬಿಚ್ಚಿದರೆ ಹೆಚ್ಚುಕಡಿಮೆ ಒಂದು ಗೇಣುದ್ದ. ಮಾವಿನಹಣ್ಣು ಹೋಳು ಮಾಡುವುದಕ್ಕೂ, ಬಾಳೆಯೆಲೆಯ ತುದಿ ಸವರುವುದಕ್ಕೂ, ಹಗ್ಗ ಕತ್ತರಿಸುವುದಕ್ಕೂ ಅದೇ. ಅದನ್ನು ಮುಟ್ಟಬೇಕೆಂಬ ನನ್ನ ಆಸೆಗೆ ಅವರು ಹಾಕಿದ ಷರತ್ತು ಒಂದೇ: "ಬಿಚ್ಚುವುದಕ್ಕೆ ಮೊದಲು ಮಡಿಸುವುದನ್ನು ಕಲಿ." ನಾನು ಅದನ್ನು ಲಕ್ಷಿಸದೆ ಒಂದು ದಿನ ಚಾಕುವಿನ ಬೆನ್ನನ್ನು ಒಂದು ಕೊರಡಿಗೆ ಒತ್ತಿದೆ. ಅಲಗು ಮಡಿಚಿಕೊಂಡಿತು, ತೋರುಬೆರಳಿನ ಮೇಲೆ ಅದರ ಗುರುತು ಇನ್ನೂ ಇದೆ. ಅಂದಿನಿಂದ ನನ್ನ ಮನಸ್ಸಿನಲ್ಲಿ ಒಂದು ಪ್ರಶ್ನೆ ಉಳಿದುಬಂದಿದೆ. ಇಷ್ಟು ದೊಡ್ಡ ಚಾಕುವಿಗೆ ಒಂದು ಅಗುಳಿ ಏಕಿಲ್ಲ? ಇಲ್ಲದಿದ್ದರೂ ಜನ ಅದನ್ನು ಮೆಚ್ಚಿದ್ದೇಕೆ?

ಇದು ನನ್ನೊಬ್ಬನ ಪ್ರಶ್ನೆಯಲ್ಲ. ಇಂದು ಅಂಗಡಿಯಲ್ಲಿ ದೊರೆಯುವ ದೊಡ್ಡ ಮಡಿಚು ಚಾಕುಗಳಲ್ಲಿ ಅನೇಕಕ್ಕೆ ಅಗುಳಿ ಉಂಟು. ತೆರೆದೊಡನೆ ಒಳಗಿನ ಲೋಹದ ನಾಲಗೆಯೊಂದು ಟಕ್ಕೆಂದು ಸರಿದು ಅಲಗಿನ ಬುಡವನ್ನು ಹಿಡಿದುಬಿಡುತ್ತದೆ. ಮತ್ತೆ ಅದನ್ನು ಬೇಕೆಂದು ಸರಿಸಿದಲ್ಲದೆ ಚಾಕು ಮಡಿಚುವುದಿಲ್ಲ. ಇಷ್ಟು ಅನುಕೂಲವಿದ್ದರೂ, ಅಗುಳಿಯಿಲ್ಲದ ಗೇಣುದ್ದದ ಚಾಕುವೇ ಚೆನ್ನ ಎನ್ನುವವರು ಫ್ರಾನ್ಸಿನಲ್ಲಿದ್ದಾರೆ, ಇಂಗ್ಲೆಂಡಿನಲ್ಲಿದ್ದಾರೆ, ಜಪಾನಿನಲ್ಲಿದ್ದಾರೆ. ಅವರ ಮೆಚ್ಚಿಕೆಯ ಹಿಂದೆ ದೀರ್ಘವಾದ ಒಂದು ಚರಿತ್ರೆಯಿದೆ.

ಮೊದಲು ಚಾಕುವಿನ ಒಳಗುಟ್ಟನ್ನು ಕೊಂಚ ನೋಡೋಣ. ಅಗುಳಿಯಿಲ್ಲದ ಚಾಕು ತೆರೆದು ನಿಲ್ಲುವುದಕ್ಕೆ ಮೂರು ಉಪಾಯಗಳಿವೆ. ಮೊದಲನೆಯದು ಬಿಗಿ: ಕೀಲಿನ ಮೊಳೆಯನ್ನು ಗಟ್ಟಿಯಾಗಿ ಬಡಿದು, ಹಿಡಿಯ ಎರಡು ಪಕ್ಕಗಳೂ ಅಲಗನ್ನು ಅವುಚಿಕೊಳ್ಳುವಂತೆ ಮಾಡುವುದು. ಎರಡನೆಯದು ಕಮಾನು: ಹಿಡಿಯ ಬೆನ್ನಿನುದ್ದಕ್ಕೂ ಒಂದು ಉಕ್ಕಿನ ಪಟ್ಟಿಯನ್ನಿಟ್ಟು, ಅದು ಅಲಗಿನ ಬುಡವನ್ನು ಸದಾ ಒತ್ತುತ್ತಿರುವಂತೆ ಮಾಡುವುದು. ಬಲವಾಗಿ ಮಡಿಸಿದರೆ ಈ ಕಮಾನು ಬಗ್ಗಿ ದಾರಿ ಬಿಡುತ್ತದೆ. ಆದ್ದರಿಂದ ಅದು ಅಗುಳಿಯಲ್ಲ, ಬರಿಯ ತಡೆ. ಮೂರನೆಯದು ಬಾಲ: ಅಲಗಿನ ಬುಡವನ್ನು ಕೀಲಿನಿಂದಾಚೆಗೆ ಬಾಲದಂತೆ ಚಾಚಿ, ತೆರೆದಾಗ ಅದು ಹಿಡಿಯ ಬೆನ್ನಿನ ಮೇಲೆ ಬಂದು ಕೂರುವಂತೆ ಮಾಡುವುದು. ಹಿಡಿದ ಕೈಯೇ ಆ ಬಾಲವನ್ನು ಅದುಮಿಕೊಂಡಿರುವುದರಿಂದ ಅಲಗು ಕದಲುವುದಿಲ್ಲ.

ಈ ಮೂರಕ್ಕೂ ಒಂದೇ ನ್ಯಾಯ. ಬಾಯಿಯಿಂದ ಕೊಯ್ಯುವಾಗ ಪದಾರ್ಥ ಅಲಗನ್ನು ತೆರೆಯುವ ಕಡೆಗೇ ತಳ್ಳುತ್ತದೆ, ಆಗ ಭಯವಿಲ್ಲ. ತುದಿಯಿಂದ ಚುಚ್ಚಿದಾಗ, ಇಲ್ಲವೆ ಬೆನ್ನಿನ ಮೇಲೆ ಭಾರ ಬಿಟ್ಟಾಗ ಮಾತ್ರ ಅಲಗು ಹಿಂದಕ್ಕೆ ಮಡಿಚಿ ಬೆರಳಿಗೆ ಬರುತ್ತದೆ. ಎಂದರೆ ಈ ಚಾಕು ಕೊಯ್ಯುವುದಕ್ಕೆ ಒಪ್ಪುತ್ತದೆ, ಇರಿಯುವುದಕ್ಕೆ ಒಪ್ಪುವುದಿಲ್ಲ. ಇದರ ಚರಿತ್ರೆಯಲ್ಲೆಲ್ಲ ಈ ಒಂದು ಸಂಗತಿ ಮತ್ತೆ ಮತ್ತೆ ತಲೆದೋರುತ್ತದೆ.

ದೊಡ್ಡದೇ ಏಕೆ ಎಂದರೆ, ಅದು ಊಟದ ವಿಚಾರ. ಯೂರೋಪಿನ ರೈತನ ಬುತ್ತಿಯೆಂದರೆ ಗಟ್ಟಿ ಹೊಟ್ಟಿನ ದೊಡ್ಡ ರೊಟ್ಟಿ, ಗಿಣ್ಣಿನ ಗಡ್ಡೆ, ಒಣಗಿಸಿದ ಮಾಂಸ. ಇವನ್ನು ಎರಡಂಗುಲದ ಅಲಗಿನಿಂದ ಕೆರೆಯಬಹುದೇ ಹೊರತು ಹೋಳು ಮಾಡಲಾಗದು. ಮೂರೂವರೆ ನಾಲ್ಕಂಗುಲದ ಅಲಗು ಬೇಕು. ಅಂಥ ಅಲಗನ್ನು ಒಳಗಿಟ್ಟುಕೊಳ್ಳಬೇಕಾದರೆ ಹಿಡಿಯೂ ಉದ್ದವಾಗಬೇಕು. ಆಗ ಅದು ನಾಲ್ಕು ಬೆರಳಿಗೂ ತುಂಬುತ್ತದೆ, ಕೈ ದಣಿಯುವುದಿಲ್ಲ.

ಇದು ನಿನ್ನೆ ಮೊನ್ನೆಯ ಉಪಾಯವಲ್ಲ. ಆಸ್ಟ್ರಿಯದ ಹಾಲ್‌ಷ್ಟಾಟ್ ಎಂಬ ಉಪ್ಪಿನ ಗಣಿಯ ಊರಿನಲ್ಲಿ ದೊರೆತ ಎಲುಬಿನ ಹಿಡಿಯ ಮಡಿಚು ಚಾಕು ಕ್ರಿಸ್ತಪೂರ್ವ ಸುಮಾರು ೬೦೦ರಿಂದ ೫೦೦ರ ಕಾಲದ್ದೆಂದು ಲೆಕ್ಕ ಹಾಕಿದ್ದಾರೆ. ರೋಮನರ ಕಾಲಕ್ಕೆ ಮಡಿಚು ಚಾಕು ಸಾಮಾನ್ಯ ವಸ್ತುವಾಗಿದ್ದಿತು. ಕೇಂಬ್ರಿಜ್ಜಿನ ಫಿಟ್ಸ್‌ವಿಲಿಯಂ ವಸ್ತುಸಂಗ್ರಹಾಲಯದಲ್ಲಿ ಕ್ರಿಸ್ತಶಕ ಮೂರನೆಯ ಶತಮಾನದ ಬೆಳ್ಳಿಯ ಸಾಧನವೊಂದಿದೆ. ಚಾಕು, ಚಮಚ, ಮುಳ್ಳುಚಮಚಗಳೆಲ್ಲ ಒಂದೇ ಹಿಡಿಯಲ್ಲಿ ಮಡಿಚಿಕೊಂಡಿವೆ. ಪ್ರಯಾಣ ಹೊರಟ ಶ್ರೀಮಂತನೊಬ್ಬನ ಊಟದ ಸರಂಜಾಮು ಅದಾಗಿರಬೇಕು. ಯುದ್ಧದ ಕತ್ತಿ ಒರೆಯಲ್ಲಿರುತ್ತಿದ್ದಿತು. ಮಡಿಚಿಟ್ಟುಕೊಳ್ಳುತ್ತಿದ್ದದ್ದು ಊಟದ ಚಾಕುವನ್ನು. ಈ ಭೇದ ಅಷ್ಟು ಹಳೆಯದು.

ಬಿಗಿಯ ಚಾಕುವಿನಿಂದ ಕಮಾನಿನ ಚಾಕುವಿಗೆ ಬಂದ ಕಥೆಯನ್ನು ಹೇಳಬೇಕಾದರೆ ಇಂಗ್ಲೆಂಡಿನ ಷೆಫೀಲ್ಡಿಗೆ ಹೋಗಬೇಕು. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಚಾಸರ್ ಕವಿ ತನ್ನ ಕಥೆಯೊಂದರಲ್ಲಿ ಬರುವ ಗಿರಣಿಯವನ ಬಳಿ ಷೆಫೀಲ್ಡಿನ ಚಾಕುವಿದ್ದಿತೆಂದು ಹೇಳುತ್ತಾನೆ. ಆ ವೇಳೆಗಾಗಲೇ ಊರಿಗೆ ಅಷ್ಟು ಹೆಸರು. ಗುಡ್ಡಗಳಿಂದ ಇಳಿಯುವ ತೊರೆಗಳು ಸಾಣೆಯ ಚಕ್ರ ತಿರುಗಿಸುವುದಕ್ಕೆ, ಸುತ್ತಣ ಕಲ್ಲು ಸಾಣೆಗೆ, ಕಾಡು ಇದ್ದಲಿಗೆ. ಹೀಗೆ ಕಸುಬಿಗೆ ಬೇಕಾದದ್ದೆಲ್ಲ ಅಲ್ಲಿ ಕೂಡಿಬಂದಿದ್ದಿತು. ೧೬೨೪ರಲ್ಲಿ ಪಾರ್ಲಿಮೆಂಟಿನ ಕಾಯಿದೆಯಿಂದ ಅಲ್ಲಿನ ಚಾಕುಗಾರರ ಸಂಘ ಸ್ಥಾಪಿತವಾಯಿತು. ಆ ಶತಮಾನ ಮುಗಿಯುವುದರೊಳಗೆ ಬೆನ್ನುಕಮಾನಿನ ಚಾಕು ಅಲ್ಲಿ ಬೇರೂರಿತ್ತು.

ಕಮಾನಿಗೆ ಬೇಕಾದದ್ದು ಒಳ್ಳೆಯ ಉಕ್ಕು. ಬಗ್ಗಿ ಮತ್ತೆ ನೆಟ್ಟಗಾಗಬೇಕು. ಸಾವಿರ ಸಲ ಬಗ್ಗಿದರೂ ಮುರಿಯಬಾರದು. ೧೭೪೦ರ ಸುಮಾರಿಗೆ ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರ ಮಾಡುವವನು, ತನ್ನ ಗಡಿಯಾರದ ಕಮಾನುಗಳಿಗೆ ಸಮನಾದ ಉಕ್ಕು ಸಿಗದೆ ಬೇಸತ್ತು, ಷೆಫೀಲ್ಡಿನ ಬಳಿ ಮೂಸೆಯಲ್ಲಿ ಉಕ್ಕನ್ನು ಪೂರ್ತಿ ಕರಗಿಸುವ ಕ್ರಮವನ್ನು ಸಿದ್ಧಪಡಿಸಿದನು. ಊರಿನ ಚಾಕುಗಾರರು ಅದು ತೀರ ಗಡುಸೆಂದು ಮೊದಲು ಕೈಗೆತ್ತಿಕೊಳ್ಳಲಿಲ್ಲವೆಂದೂ, ಫ್ರಾನ್ಸಿನವರು ಅದನ್ನು ಕೊಂಡು ಒಳ್ಳೆಯ ಚಾಕು ಮಾಡತೊಡಗಿದ ಮೇಲೆ ಎಚ್ಚೆತ್ತರೆಂದೂ ಪ್ರತೀತಿಯಿದೆ.

ಈ ಸಂದರ್ಭದಲ್ಲಿ ನಮ್ಮ ನಾಡಿನ ಮಾತೊಂದನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಮೂಸೆಯಲ್ಲಿ ಉಕ್ಕು ಮಾಡುವ ವಿದ್ಯೆ ದಕ್ಷಿಣ ಭಾರತದಲ್ಲಿ ಅದಕ್ಕೆ ಎಷ್ಟೋ ಶತಮಾನ ಮೊದಲೇ ಇದ್ದಿತು. ೧೮೦೦–೧೮೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಇಲ್ಲಿನ ಕುಲುಮೆಗಳನ್ನು ಕಣ್ಣಾರೆ ಕಂಡು ವರ್ಣಿಸಿದ್ದಾನೆ. ಯೂರೋಪಿನ ಪಂಡಿತರು ಈ ಉಕ್ಕನ್ನು ‘ವೂಟ್ಸ್’ ಎಂದು ಕರೆದರು. ಅದು ನಮ್ಮ ‘ಉಕ್ಕು’ ಎಂಬ ಮಾತಿನ ಅಪಭ್ರಂಶವೆಂದು ಅನೇಕ ವಿದ್ವಾಂಸರ ಮತ. ಲಂಡನ್ನಿನ ಹೆಸರಾಂತ ಚಾಕುಗಾರ ಜೇಮ್ಸ್ ಸ್ಟೋಡಾರ್ಟ್ ಈ ಉಕ್ಕನ್ನು ತುಂಬ ಮೆಚ್ಚಿಕೊಂಡಿದ್ದನು. ಮುಂದೆ ಮೈಕೇಲ್ ಫ್ಯಾರಡೆಯೊಡನೆ ಸೇರಿ ಉಕ್ಕಿನ ಮಿಶ್ರಲೋಹಗಳ ಮೇಲೆ ಪ್ರಯೋಗ ನಡೆಸಿದನು. ವಿಪರ್ಯಾಸವೆಂದರೆ, ಉಕ್ಕಿನ ತವರಾದ ನಮ್ಮ ಸಂತೆಗಳಿಗೆ ಷೆಫೀಲ್ಡಿನ ಚಾಕುಗಳು ಹಡಗಿನಲ್ಲಿ ಬಂದಿಳಿದವು.

ಷೆಫೀಲ್ಡಿನ ಚಾಕುಗಳಲ್ಲಿ ಜನಸಾಮಾನ್ಯರ ಮೆಚ್ಚಿಕೆ ಗಳಿಸಿದ್ದು ‘ಬಾರ್ಲೋ’. ಅದರ ಹಿಡಿಯ ಮುಂಭಾಗದಲ್ಲಿ, ಕೀಲಿನ ಎರಡು ಪಕ್ಕಗಳಲ್ಲೂ ಉದ್ದವಾದ ಲೋಹದ ಕಟ್ಟು ಇರುತ್ತದೆ. ಹಿಡಿಯ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಅದೇ. ಅಗುಳಿಯಿಲ್ಲದ ಚಾಕು ಮೊದಲು ಸಡಿಲವಾಗುವುದು ಕೀಲಿನಲ್ಲಿ. ಆ ಕೀಲಿಗೆ ಹೀಗೆ ಬಲ ಕೊಟ್ಟದ್ದರಿಂದ, ಬೆಲೆ ಅಗ್ಗವಾದರೂ ಬಾಳಿಕೆ ಹೆಚ್ಚಾಯಿತು. ಅದು ಅಮೆರಿಕಕ್ಕೆ ಹೋಗಿ ಅಲ್ಲಿನ ಹುಡುಗರ ಕನಸಿನ ವಸ್ತುವಾಯಿತು. ೧೮೭೬ರಲ್ಲಿ ಪ್ರಕಟವಾದ ಮಾರ್ಕ್ ಟ್ವೇನನ ‘ಟಾಂ ಸಾಯರ್’ ಕಾದಂಬರಿಯಲ್ಲಿ ಆ ತುಂಟ ಹುಡುಗನಿಗೆ ಬಹುಮಾನವಾಗಿ ದೊರೆಯುವುದು ಒಂದು ಬಾರ್ಲೋ ಚಾಕುವೇ.

ಈ ಕಸುಬಿನವರಿಗೆ ತಮ್ಮದೇ ಆದ ಪರಿಭಾಷೆಯಿದೆ. ಒಳ್ಳೆಯ ಕಮಾನಿನ ಚಾಕುವಿಗೆ ನಡೆಯೂ ಇರಬೇಕು, ನುಡಿಯೂ ಇರಬೇಕು ಎನ್ನುತ್ತಾರೆ. ಅಲಗು ತಡವರಿಸದೆ ನಯವಾಗಿ ಹೊರಳುವುದು ನಡೆ. ಕೊನೆಯಲ್ಲಿ ಕಮಾನು ಅದನ್ನು ಸೆಳೆದುಕೊಂಡು ಮಾಡುವ ಸದ್ದು ನುಡಿ. ಮನುಷ್ಯನನ್ನು ನಡೆನುಡಿಗಳಿಂದ ಅಳೆಯುವ ನಮಗೆ ಈ ಮಾತು ಹೊಸದಾಗಿ ತೋರದು. ಆದರೆ ಈ ನಯಕ್ಕೆ ತೆತ್ತ ಬೆಲೆಯನ್ನು ಮರೆಯಬಾರದು. ಷೆಫೀಲ್ಡಿನ ಸಾಣೆಯವರು ಕಲ್ಲು ಲೋಹಗಳ ಧೂಳನ್ನು ದಿನವಿಡೀ ಉಸಿರಾಡಿ ಶ್ವಾಸಕೋಶ ಕೆಟ್ಟು ನಡುವಯಸ್ಸಿಗೆ ಮೊದಲೇ ಸಾಯುತ್ತಿದ್ದರು. ಅಲ್ಲಿನ ವೈದ್ಯರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಇದನ್ನು ಬರೆದಿಟ್ಟಿದ್ದಾರೆ. ಆ ಊರಿನಲ್ಲಿ ಒಂದೇ ಮೇಜಿನ ಮುಂದೆ ಕುಳಿತು ಚಾಕುವನ್ನು ಮೊದಲಿಂದ ಕೊನೆಯವರೆಗೆ ತಾನೇ ಕಟ್ಟುತ್ತಿದ್ದ ಕುಶಲಿಗಳ ಪರಂಪರೆಯೂ ಇದ್ದಿತು. ಅವರಲ್ಲಿ ಪ್ರಖ್ಯಾತನಾದ ಸ್ಟ್ಯಾನ್ ಷಾ ೧೯೪೧ರಲ್ಲಿ ಹುಡುಗನಾಗಿ ಕೆಲಸಕ್ಕೆ ಸೇರಿದವನು, ೨೦೨೧ರಲ್ಲಿ ತೀರಿಕೊಂಡನು.

ಷೆಫೀಲ್ಡಿನದು ಪೇಟೆಯ ಕಥೆಯಾದರೆ ಫ್ರಾನ್ಸಿನದು ಹಳ್ಳಿಯ ಕಥೆ. ದಕ್ಷಿಣ ಫ್ರಾನ್ಸಿನ ಓಬ್ರಾಕ್ ಎಂಬ ಎತ್ತರದ ಬಯಲುಸೀಮೆಯಲ್ಲಿ ಲಾಯೋಲ್ ಎಂಬ ಊರಿದೆ. ದನಗಾಹಿಗಳ ನಾಡು, ಚಳಿಗಾಲದಲ್ಲಿ ಹಿಮ ಮುಚ್ಚಿ ಕೆಲಸವಿಲ್ಲದಾಗ ಜನ ಗುಳೆ ಹೊರಟು ಸ್ಪೇನಿನ ಕಡೆಗೆ ಹೋಗುತ್ತಿದ್ದರು. ಮರಳುವಾಗ ಅಲ್ಲಿನ ‘ನವಾಹ’ ಎಂಬ ಉದ್ದನೆಯ ಮಡಿಚು ಚಾಕುಗಳನ್ನು ಜೇಬಿನಲ್ಲಿ ತರುತ್ತಿದ್ದರು. ೧೮೨೯ರಲ್ಲಿ ಪಿಯೇರ್ ಜಾನ್ ಕಾಲ್ಮೆಲ್ ಎಂಬ ಊರಿನ ತರುಣ ಕಮ್ಮಾರನು ಆ ಚಾಕುವಿನ ಗುಣವನ್ನೂ ತನ್ನ ಸೀಮೆಯ ಹಳೆಯ ಮಡಿಚದ ಚಾಕುವಿನ ಗುಣವನ್ನೂ ಬೆರೆಸಿ ಹೊಸದೊಂದನ್ನು ಮಾಡಿದನು. ಅದೇ ಲಾಯೋಲ್ ಚಾಕುವಿನ ಮೂಲ.

ಆ ಚಾಕುವಿಗೆ ಮುಂದೆ ಸೇರಿಕೊಂಡ ಅಂಗಗಳನ್ನು ನೋಡಿದರೆ ಆ ಜನರ ಬದುಕಿನ ಚರಿತ್ರೆಯೇ ಗೊತ್ತಾಗುತ್ತದೆ. ೧೮೪೦ರಲ್ಲಿ ಅದಕ್ಕೊಂದು ದಬ್ಬಳ ಬಂತು. ಹಸಿ ಮೇವು ಮೇದು ಹೊಟ್ಟೆಯುಬ್ಬರದಿಂದ ಬಿದ್ದ ದನದ ಹೊಟ್ಟೆಗೆ ಸರಿಯಾದ ಜಾಗದಲ್ಲಿ ಚುಚ್ಚಿ ಗಾಳಿ ಬಿಡಿಸಿದರೆ ದನ ಬದುಕುತ್ತದೆ, ದಬ್ಬಳ ಅದಕ್ಕೆ. ೧೮೮೦ರ ವೇಳೆಗೆ ಬಿರಡೆ ಕೀಳುವ ತಿರುಪು ಬಂತು. ಏಕೆಂದರೆ ಆ ಹೊತ್ತಿಗೆ ಓಬ್ರಾಕಿನ ಮಕ್ಕಳು ಪ್ಯಾರಿಸ್ಸಿಗೆ ಹೋಗಿ ನೀರು ಹೊತ್ತು, ಇದ್ದಲು ಮಾರಿ, ಕೊನೆಗೆ ಸಣ್ಣ ಪಾನಗೃಹಗಳನ್ನು ತೆರೆದಿದ್ದರು. ದಬ್ಬಳ ಊರಿನಲ್ಲಿ ಉಳಿದವರಿಗೆ, ತಿರುಪು ಊರು ಬಿಟ್ಟವರಿಗೆ. ಎರಡೂ ಒಂದೇ ಹಿಡಿಯಲ್ಲಿ.

ಲಾಯೋಲಿನ ಅಲಗು ಸಾಮಾನ್ಯವಾಗಿ ಹತ್ತು ಸೆಂಟಿಮೀಟರಿನ ಆಸುಪಾಸು. ಇಷ್ಟು ದೊಡ್ಡದಾದರೂ ಅದಕ್ಕಿರುವುದು ಕಮಾನಿನ ತಡೆ ಮಾತ್ರ. ಬಲ್ಲವರು ಅದನ್ನು ಮಡಿಸುವಾಗ ಟಪ್ಪೆಂದು ಬಿಡುವುದಿಲ್ಲ. ಅಲಗಿನ ಬಾಯಿ ಒಳಗಿನ ಕಮಾನಿಗೆ ತಾಗಿ ಮೊಂಡಾಗಬಹುದೆಂದು ಕೊನೆಯವರೆಗೂ ಬೆರಳುಗಳಿಂದ ತಡೆದು ಮೆಲ್ಲಗೆ ಇಳಿಸುತ್ತಾರೆ. ನಮ್ಮ ತಾತನವರ ಪಾಠ ಅಲ್ಲಿಯೂ ಇದೆಯೆಂದಾಯಿತು. ಊಟದ ವೇಳೆಗೆ ತನ್ನ ಚಾಕುವನ್ನು ತಾನೇ ಜೇಬಿನಿಂದ ತೆಗೆದು ತಟ್ಟೆಯ ಪಕ್ಕದಲ್ಲಿಡುವುದು ಆ ಕಡೆಯ ಹಳ್ಳಿಗರ ವಾಡಿಕೆ. ಚಾಕುವನ್ನು ಯಾರಿಗಾದರೂ ಉಡುಗೊರೆ ಕೊಟ್ಟರೆ ಪಡೆದವರು ಒಂದು ಸಣ್ಣ ನಾಣ್ಯವನ್ನು ಮರಳಿ ಕೊಡಬೇಕು. ಇಲ್ಲದಿದ್ದರೆ ಅದು ಸ್ನೇಹವನ್ನೇ ಕತ್ತರಿಸುತ್ತದೆಂದು ನಂಬಿಕೆ. ಉಪ್ಪು ಮೆಣಸಿನಕಾಯಿಗಳನ್ನು ಕೈಯಿಂದ ಕೈಗೆ ಕೊಡಲು ಹಿಂಜರಿಯುವ ನಮಗೆ ಇದು ಅರ್ಥವಾಗದ ಮಾತೇನಲ್ಲ.

ಅದೇ ದೇಶದ ಪೂರ್ವ ಗಡಿಯಲ್ಲಿ, ಆಲ್ಪ್ಸ್ ಪರ್ವತಗಳ ಮಡಿಲಿನ ಸವಾಯ್ ಸೀಮೆಯಲ್ಲಿ, ಇನ್ನೂ ಸರಳವಾದ ಚಾಕು ಹುಟ್ಟಿತು. ೧೮೯೦ರಲ್ಲಿ ಜೋಸೆಫ್ ಒಪಿನೆಲ್ ಎಂಬ ಹದಿನೆಂಟು ವರ್ಷದ ಹುಡುಗ ತನ್ನ ತಂದೆಯ ಕುಲುಮೆಯಲ್ಲಿ ಅದನ್ನು ಮಾಡಿದನು. ಒಂದು ಮರದ ಹಿಡಿ, ಅದರಲ್ಲಿ ಗರಗಸದಿಂದ ಕೊರೆದ ಸೀಳು, ಒಂದು ಅಲಗು, ಒಂದು ಮೊಳೆ, ಕತ್ತಿಗೊಂದು ಲೋಹದ ಪಟ್ಟಿ. ಕಮಾನು ಕೂಡ ಇಲ್ಲ, ಬರಿಯ ಬಿಗಿ. ೧೮೯೭ರಲ್ಲಿ ಒಂದರಿಂದ ಹನ್ನೆರಡರವರೆಗೆ ಅಂಕೆಯಿಟ್ಟು ಹನ್ನೆರಡು ಅಳತೆಗಳನ್ನು ಹೊರತಂದನು. ಹತ್ತನೆಯದರ ಅಲಗು ಹತ್ತು ಸೆಂಟಿಮೀಟರು, ಹನ್ನೆರಡನೆಯದರದು ಹನ್ನೆರಡು. ದ್ರಾಕ್ಷಿ ತೋಟದವರು, ಕುರುಬರು, ರೈಲ್ವೆ ಕೂಲಿಗಳು ತಮ್ಮ ತಮ್ಮ ಅಂಗೈಗೆ ಒಪ್ಪುವ ಅಂಕೆಯನ್ನು ಆರಿಸಿಕೊಂಡರು.

ಮರದ ಹಿಡಿಗೆ ಒಂದು ಸ್ವಭಾವವುಂಟು. ಮಳೆಗಾಲದಲ್ಲಿ ನಮ್ಮ ಮನೆಯ ಬಾಗಿಲುಗಳು ಹೇಗೆ ಉಬ್ಬಿ ಬಿಗಿದುಕೊಳ್ಳುತ್ತವೆಯೋ ಹಾಗೆಯೇ ತೇವಕ್ಕೆ ಅದೂ ಉಬ್ಬಿ ಅಲಗನ್ನು ಕಚ್ಚಿಕೊಳ್ಳುತ್ತದೆ. ಉಗುರು ಹಾಕಿ ಎಳೆದರೂ ಬಿಚ್ಚುವುದಿಲ್ಲ. ಆಗ ಸವಾಯ್ ಜನ ಹಿಡಿಯ ಹಿಂತುದಿಯನ್ನು ಮೇಜಿನ ಅಂಚಿಗೋ ಕಲ್ಲಿಗೋ ಒಮ್ಮೆ ಕುಟ್ಟುತ್ತಾರೆ. ಅಲಗು ಹೊರಗೆ ತಲೆ ಹಾಕುತ್ತದೆ. ಇದಕ್ಕೆ ‘ಸವಾಯ್ ಪೆಟ್ಟು’ ಎಂದೇ ಹೆಸರು. ಬೇಸಗೆಯಲ್ಲಿ ಇದಕ್ಕೆ ವಿರುದ್ಧ: ಮರ ಒಣಗಿ ಬಿಗಿ ಸಡಿಲುತ್ತದೆ. ಬಿಗಿ ಸಡಿಲಿದ ಚಾಕು ಅಪಾಯಕಾರಿ. ಕಡೆಗೆ ೧೯೫೫ರಲ್ಲಿ, ಆ ಮನೆತನದವನೇ ಆದ ಮಾರ್ಸೆಲ್ ಒಪಿನೆಲ್ ಎಂಬುವನು ಕತ್ತಿನ ಪಟ್ಟಿಯ ಮೇಲೆ ತಿರುಗುವ ಉಂಗುರವೊಂದನ್ನು ತೊಡಿಸಿದನು. ತಿರುಗಿಸಿದರೆ ಅಲಗು ಭದ್ರ. ಸಣ್ಣ ಅಳತೆಗಳು ಹಳೆಯ ರೀತಿಯಲ್ಲೇ ಉಳಿದವು. ಆರನೆಯ ಅಂಕೆಯಿಂದ ಮೇಲಿನವು ಉಂಗುರ ತೊಟ್ಟವು.

ಅಗುಳಿಯಿಲ್ಲದ ಚಾಕುವನ್ನು ಹೊಗಳುವವರು ಈ ೧೯೫೫ರ ಸಂಗತಿಯನ್ನು ಮರೆಮಾಚಬಾರದು. ಅರುವತ್ತೈದು ವರ್ಷ ಅಗುಳಿಯಿಲ್ಲದೆಯೇ ದೊಡ್ಡ ಚಾಕುವನ್ನು ಮಾಡಿದ ಮನೆತನವೇ ಅದು ಸಾಲದೆಂದು ಒಪ್ಪಿಕೊಂಡಿತು. ಕೈ ದಣಿಯುತ್ತದೆ, ಗಮನ ತಪ್ಪುತ್ತದೆ, ಬೆರಳು ಒಂದೇ ಸಲ ಹೋಗುತ್ತದೆ. ಉಂಗುರ ಬಂದದ್ದು ಒಳ್ಳೆಯದೇ ಆಯಿತು. ಆದರೆ ಉಂಗುರವಿದ್ದರೂ ಅದನ್ನು ತಿರುಗಿಸದೆಯೇ ರೊಟ್ಟಿ ಕೊಯ್ಯುವವರಿದ್ದಾರೆ. ಅವರ ವಾದವೂ ಕೇಳತಕ್ಕದ್ದೇ: ಅಗುಳಿಯನ್ನು ನಂಬಿದ ಕೈ ಮರೆಯುತ್ತದೆ, ಅಗುಳಿಯಿಲ್ಲದ ಕೈ ಮರೆಯುವುದಿಲ್ಲ.

ಇನ್ನು ಪೂರ್ವಕ್ಕೆ ತಿರುಗೋಣ. ಜಪಾನಿನ ಹ್ಯೋಗೊ ಪ್ರಾಂತದಲ್ಲಿ ಮಿಕಿ ಎಂಬುದು ಬಡಗಿಗಳ ಸಲಕರಣೆಗೆ ಹೆಸರಾದ ಊರು. ೧೮೯೦ರ ದಶಕದಲ್ಲಿ ಅಲ್ಲಿ ‘ಹಿಗೊನೊಕಾಮಿ’ ಎಂಬ ಮಡಿಚು ಚಾಕು ರೂಪುಗೊಂಡಿತು. ಹಾಗೆಂದರೆ ಹಿಗೊ ಸೀಮೆಯ ಒಡೆಯ ಎಂದರ್ಥ. ಹೆಸರು ದೊರೆಯದು, ಉಡುಪು ಬಡವನದು: ಮಡಿಸಿದ ಹಿತ್ತಾಳೆಯ ಅಥವಾ ಕಬ್ಬಿಣದ ತಗಡೇ ಹಿಡಿ, ಒಂದು ಮೊಳೆ, ಗಡುಸು ಉಕ್ಕಿಗೆ ಮೆತು ಕಬ್ಬಿಣ ಬೆಸೆದ ಅಲಗು. ಮೇಲೆ ಹೇಳಿದ ‘ಬಾಲ’ದ ಉಪಾಯ ಇದರದು. ಹೆಬ್ಬೆರಳು ಬಾಲವನ್ನು ಒತ್ತಿರುವವರೆಗೂ ಅಲಗು ನಿಲ್ಲುತ್ತದೆ, ಬಿಟ್ಟರೆ ಇಲ್ಲ. ಒಂದು ಕಾಲಕ್ಕೆ ಜಪಾನಿನ ಹುಡುಗರ ಜೇಬಿನಲ್ಲೆಲ್ಲ ಇದು ಇರುತ್ತಿದ್ದಿತು. ಪೆನ್ಸಿಲ್ ಹೆರೆಯುವುದಕ್ಕೆ, ಬಿದಿರಿನ ಆಟಿಕೆ ಕೆತ್ತುವುದಕ್ಕೆ, ಹಣ್ಣು ಸುಲಿಯುವುದಕ್ಕೆ ಅದೇ ಆಗಬೇಕು.

೧೯೬೦ರ ಅಕ್ಟೋಬರ್ ೧೨ರಂದು ಟೋಕಿಯೋ ನಗರದ ಹಿಬಿಯ ಸಭಾಭವನದಲ್ಲಿ ಸಮಾಜವಾದಿ ಪಕ್ಷದ ನಾಯಕ ಇನೆಜಿರೊ ಅಸನುಮ ಭಾಷಣ ಮಾಡುತ್ತಿದ್ದಾಗ, ಹದಿನೇಳು ವರ್ಷದ ತರುಣನೊಬ್ಬ ವೇದಿಕೆಗೆ ನುಗ್ಗಿ ಅವನನ್ನು ಇರಿದು ಕೊಂದನು. ದೇಶವೆಲ್ಲ ತಲ್ಲಣಿಸಿತು. ಮಕ್ಕಳ ಕೈಯಲ್ಲಿ ಅಲಗು ಇರಕೂಡದೆಂಬ ಚಳವಳಿ ಶಾಲೆ ಶಾಲೆಗೆ ಹಬ್ಬಿತು. ಹುಡುಗರ ಚಾಕುಗಳು ಹೋದವು. ಅವುಗಳ ಜಾಗಕ್ಕೆ ಪೆನ್ಸಿಲ್ ಚೂಪು ಮಾಡುವ ಯಂತ್ರಗಳು ಬಂದವು. ಅಂದು ಕೊಲೆಗೆ ಬಳಕೆಯಾದದ್ದು ಮಡಿಚು ಚಾಕುವಲ್ಲ, ಗಿಡ್ಡನೆಯ ಕತ್ತಿ. ಇರಿದದ್ದು ಕತ್ತಿ, ದಂಡ ತೆತ್ತದ್ದು ಪೆನ್ಸಿಲ್ ಹೆರೆಯುವ ಚಾಕು. ಮಿಕಿಯ ಕುಲುಮೆಗಳು ಒಂದೊಂದಾಗಿ ತಣ್ಣಗಾದವು. ಇಂದು ಆ ಹೆಸರನ್ನು ಹಕ್ಕಿನಿಂದ ಬಳಸುವ ಕಾರ್ಖಾನೆ ಅಲ್ಲಿ ಒಂದೇ ಉಳಿದಿದೆ. ತಂದೆತಾಯಿಗಳ ಭಯವನ್ನು ನಾವು ಹಗುರವಾಗಿ ಕಾಣಲಾಗದು. ಆದರೆ ಕಳೆದುಹೋದದ್ದು ಬರಿಯ ಒಂದು ಸರಕಲ್ಲ. ಹರಿತವಾದದ್ದನ್ನು ಹಿಡಿದು, ತನಗೂ ಪಕ್ಕದವನಿಗೂ ಗಾಯವಾಗದಂತೆ ಕೆಲಸ ಮಾಡಿ, ಮತ್ತೆ ಮಡಿಸಿ ಜೇಬಿಗಿಡುವ ಒಂದು ಸಂಯಮವೂ ಅದರೊಂದಿಗೆ ಕಳೆದುಹೋಯಿತು. ಇದನ್ನು ಕಂಡುಕೊಂಡೋ ಏನೋ, ನಾಗಾನೊ ಪ್ರಾಂತದ ಇಕೆದ ಎಂಬ ಊರಿನ ಪ್ರಾಥಮಿಕ ಶಾಲೆಯೊಂದು ೧೯೮೦ರ ದಶಕದಲ್ಲಿ, ಹೊಸದಾಗಿ ಸೇರಿದ ಮಕ್ಕಳಿಗೆ ಒಂದೊಂದು ಹಿಗೊನೊಕಾಮಿ ಕೊಟ್ಟು ಅದರಿಂದಲೇ ಪೆನ್ಸಿಲ್ ಹೆರೆಯುವುದನ್ನು ಕಲಿಸುವ ಪದ್ಧತಿಯನ್ನು ಆರಂಭಿಸಿತು.

ಕಾನೂನು ಕೂಡ ಅಗುಳಿಯ ಮಾತನ್ನು ಎತ್ತದೆ ಬಿಟ್ಟಿಲ್ಲ. ಬ್ರಿಟನ್ನಿನ ೧೯೮೮ರ ಕಾಯಿದೆ, ಬಾಯಿ ಮೂರಂಗುಲ ಮೀರದ ಮಡಿಚು ಚಾಕುವನ್ನು ಕಾರಣ ಹೇಳದೆಯೂ ಜೇಬಿನಲ್ಲಿಟ್ಟುಕೊಳ್ಳಲು ಬಿಟ್ಟಿತು. ಅಗುಳಿಯಿರುವುದು ಅಂಥ ಮಡಿಚು ಚಾಕುವೆನಿಸದೆಂದು ಮುಂದೆ ಅಲ್ಲಿನ ನ್ಯಾಯಾಲಯ ತೀರ್ಮಾನಿಸಿತು: ಬೇಕೆಂದಾಗ ಸುಮ್ಮನೆ ಮಡಿಚಬೇಕು, ಅದೇ ಅದರ ಲಕ್ಷಣ. ಜರ್ಮನಿಯ ೨೦೦೮ರ ತಿದ್ದುಪಡಿ, ಒಂದೇ ಕೈಯಲ್ಲಿ ಬಿಚ್ಚಿ ಅಗುಳಿ ಬೀಳುವ ಚಾಕುಗಳನ್ನು ಸಕಾರಣವಿಲ್ಲದೆ ಒಯ್ಯುವುದನ್ನು ತಡೆಯಿತು. ಇದರಿಂದ ಅಗುಳಿಯಿಲ್ಲದ ದೊಡ್ಡ ಚಾಕುಗಳತ್ತ ಜನರ ಕಣ್ಣು ಮತ್ತೆ ಹೊರಳಿತು. ನಮ್ಮ ದೇಶದ ಶಸ್ತ್ರ ನಿಯಮಗಳು ಅಗುಳಿಯ ಗೊಡವೆಗೆ ಹೋಗದೆ ಅಳತೆಯನ್ನು ಹಿಡಿದಿವೆ: ಅಲಗು ೯ ಅಂಗುಲಕ್ಕಿಂತ ಉದ್ದವಾಗಿ ಅಥವಾ ೨ ಅಂಗುಲಕ್ಕಿಂತ ಅಗಲವಾಗಿ ಇದ್ದರೆ ಶಸ್ತ್ರ, ಮನೆವಾರ್ತೆಗೆ, ಬೇಸಾಯಕ್ಕೆ ಮಾಡಿದವು ಇದಕ್ಕೆ ಹೊರತು.

ಹಾಗೆಂದು ಅಗುಳಿಯಿಲ್ಲದ್ದೆಲ್ಲ ಸಾಧುವೆಂದು ತಿಳಿಯಬಾರದು. ಫ್ರಾನ್ಸಿನ ತಿಯೆರ್ ಎಂಬ ಊರಿನಲ್ಲಿ ೧೯೨೯ರಿಂದ ತಯಾರಾದ ‘ದೂಕ್ ದೂಕ್’ ಎಂಬ ತಗಡಿನ ಹಿಡಿಯ ಅಗ್ಗದ ಚಾಕುವಿಗೂ ಅಗುಳಿಯಿಲ್ಲ. ಪೆಸಿಫಿಕ್ ದ್ವೀಪಗಳ ಗಿರಾಕಿಗಳಿಗೆಂದು ಮಾಡಿದ್ದು ಉತ್ತರ ಆಫ್ರಿಕದಲ್ಲಿ ಮನೆಮಾತಾಯಿತು; ಆಲ್ಜೀರಿಯದ ಸ್ವಾತಂತ್ರ್ಯ ಸಮರದ ದಿನಗಳಲ್ಲಿ ಅದು ರಕ್ತವನ್ನೂ ಕಂಡಿತು. ಇನ್ನೊಂದು ಕಡೆ ನಮ್ಮ ರಾಮಪುರದ ಚಾಕುವನ್ನು ನೋಡಿ. ಗುಂಡಿ ಒತ್ತಿದೊಡನೆ ಖಟ್ಟೆಂದು ತೆರೆದು ಅಗುಳಿ ಬೀಳುವ ಅದನ್ನು ಹಿಂದಿ ಚಲನಚಿತ್ರಗಳ ಖಳರು ಮನೆಮನೆಗೂ ಪರಿಚಯ ಮಾಡಿಕೊಟ್ಟರು. ಆ ಸದ್ದು ಎದುರಾಳಿಯನ್ನು ಹೆದರಿಸುವುದಕ್ಕೆ. ಲಾಯೋಲಿನ ಸದ್ದಾದರೋ ರೊಟ್ಟಿಗೆ ಕೊಡುವ ಸೂಚನೆ. ಉಕ್ಕಿಗೆ ಪಾಪಪುಣ್ಯವಿಲ್ಲ, ಆದರೆ ಸಲಕರಣೆಯ ರಚನೆ ಒಂದು ಕೆಲಸವನ್ನು ಸುಲಭ ಮಾಡುತ್ತದೆ, ಇನ್ನೊಂದನ್ನು ಕಷ್ಟ ಮಾಡುತ್ತದೆ. ಅಷ್ಟರ ಮಟ್ಟಿಗೆ ಅದಕ್ಕೂ ಒಂದು ಶೀಲವುಂಟು.

ಹೀಗೆ ನೋಡಿದರೆ ಅಗುಳಿಯಿಲ್ಲದ ದೊಡ್ಡ ಚಾಕುವಿನ ಆಕರ್ಷಣೆ ಎಲ್ಲಿದೆಯೆಂದು ತಿಳಿಯುವುದು ಕಷ್ಟವಲ್ಲ. ದೊಡ್ಡದಾದ್ದರಿಂದ ಅದು ಹೊಟ್ಟೆಯ ಕೆಲಸಕ್ಕೆ ಒದಗುತ್ತದೆ. ಒಳಗೆ ಹೆಚ್ಚಿನ ಯಂತ್ರವಿಲ್ಲದ್ದರಿಂದ ಕೆಡುವುದಕ್ಕೂ ಹೆಚ್ಚೇನಿಲ್ಲ. ಒಂದು ತೊಟ್ಟು ಎಣ್ಣೆ, ಮೊಳೆಗೊಂದು ಪೆಟ್ಟು, ಅಷ್ಟಾದರೆ ತಾತನ ಚಾಕು ಮೊಮ್ಮಗನಿಗೂ ಬರುತ್ತದೆ. ಎರಡು ಕೈಯಿಂದ ನಿಧಾನವಾಗಿ ಬಿಚ್ಚುವುದರಿಂದ ಎದುರು ಕುಳಿತವನಿಗೆ ಭಯವಿಲ್ಲ. ಇವೆಲ್ಲಕ್ಕಿಂತ ಮಿಗಿಲಾಗಿ, ಅರ್ಧ ಕೆಲಸವನ್ನು ಅದು ಹಿಡಿದವನ ಎಚ್ಚರಕ್ಕೆ ಬಿಟ್ಟಿರುತ್ತದೆ. ತನ್ನನ್ನು ನಂಬುವ ಸಲಕರಣೆಯನ್ನು ಮನುಷ್ಯನೂ ಪ್ರೀತಿಸುತ್ತಾನೆ.

ತಾತನವರ ಚಾಕು ಈಗ ನನ್ನ ಮೇಜಿನ ಸೆಳೆಖಾನೆಯಲ್ಲಿದೆ. ಮಾವಿನ ಕಾಲ ಬಂದಾಗ ಹೊರಗೆ ತೆಗೆಯುತ್ತೇನೆ. ಮನೆಯ ಹುಡುಗ ಅದಕ್ಕೆ ಕೈ ಚಾಚುತ್ತಾನೆ. ಗಾಯದ ಗುರುತಿರುವ ಬೆರಳನ್ನು ಅವನಿಗೆ ತೋರಿಸಿ, ಬಿಚ್ಚಿದ ಚಾಕುವನ್ನೇ ಅವನ ಮುಂದೆ ಹಿಡಿದು, ಅಂಗೈಯನ್ನು ಹಿಡಿಯ ಬೆನ್ನಿಗೆ ಕೊಟ್ಟು, ಬೆರಳುಗಳನ್ನು ದೂರವಿಟ್ಟು, ಅದನ್ನು ಮೆಲ್ಲಗೆ ಮಡಿಸುವುದು ಹೇಗೆಂದು ತೋರಿಸುತ್ತೇನೆ. ಬಿಚ್ಚುವ ಪಾಠ ಮುಂದಿನ ವರ್ಷಕ್ಕೆ.